ಗಟ್ಟಿಮೇಳದ ಹೊತ್ತಿಗೆ ಚಿತ್ರ ನಿಂತರೆ

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಗೊರಗೊರ ಶಬ್ದದ ಪರಿಚಯ ಚೆನ್ನಾಗಿ ಉಂಟು. ಗುಡುಗು ಮಿಂಚಿನ ವೇಳೆಯಲ್ಲಿ ಅದು ಬರುತ್ತದೆ. ಅಡಿಗೆಮನೆಯ ಮಿಕ್ಸಿ ತಿರುಗಿದರೂ ಬರುತ್ತದೆ. ತಿರುಗಣಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ಸರಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಈಗ ಅದೇ ಮನೆಗಳಲ್ಲಿ ಕಂಪ್ಯೂಟರೂ ಇದೆ. ಅದರ ಬ್ರೌಸರಿನಲ್ಲಿ ನೇರ ಪ್ರಸಾರದ ವಿಡಿಯೋ ನೋಡುವ ರೂಢಿಯೂ ಬಂದಿದೆ. ಜಂಬೂಸವಾರಿ, ಕ್ರಿಕೆಟ್ ಪಂದ್ಯಗಳ ಮಾತು ಹಾಗಿರಲಿ. ದೂರದೂರಿನಲ್ಲಿ ಮೊಮ್ಮಗಳ ಮದುವೆ, ಮಂಡಿನೋವಿನಿಂದ ಅಜ್ಜಿ ಪ್ರಯಾಣ ಮಾಡುವಂತಿಲ್ಲ ಎಂದಿಟ್ಟುಕೊಳ್ಳಿ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಿರುವಾಗಲೇ ಚಿತ್ರ ನಿಂತು, ತೆರೆಯ ನಡುವೆ ಒಂದು ಸಣ್ಣ ಚಕ್ರ ಸುತ್ತತೊಡಗುತ್ತದೆ. ಇಲ್ಲಿ ತಿರುಗಿಸುವುದಕ್ಕೆ ತಿರುಗಣಿಯೂ ಇಲ್ಲ, ಮುಹೂರ್ತವೂ ಕಾಯುವುದಿಲ್ಲ.

ಇಂಥ ಗಳಿಗೆಯಲ್ಲಿ ಮನೆಮಂದಿಯೆಲ್ಲ ಏಕಕಾಲದಲ್ಲಿ ವೈದ್ಯರಾಗುತ್ತಾರೆ. ಒಬ್ಬರು ರೌಟರಿನ ಸ್ವಿಚ್ಚು ಆರಿಸಿದರೆ ಮತ್ತೊಬ್ಬರು ಕಂಪ್ಯೂಟರನ್ನೇ ಆರಿಸುತ್ತಾರೆ. ಎಲ್ಲ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ಅಕ್ಷತೆ ಬಿದ್ದು ಊಟಕ್ಕೆ ಎಲೆ ಹಾಕಿರುತ್ತಾರೆ. ದೋಷ ಇರಬಹುದಾದ ಸ್ಥಳಗಳು ಮೂರೇ: ಕಳಿಸುವವರ ಕಡೆ, ನಡುದಾರಿ, ನಮ್ಮ ಕಂಪ್ಯೂಟರು. ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಎರಡು ನಿಮಿಷ ಸಾಕು. ಆದರೆ ಈ ಪ್ರಸಾರ ನಮ್ಮನ್ನು ತಲಪುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು.

ರೇಡಿಯೋ ನಿಲಯ ಹೊರಡಿಸುವ ಅಲೆ ಒಂದೇ. ಕೇಳುವವರು ಹತ್ತು ಮಂದಿಯಾದರೂ ಹತ್ತು ಲಕ್ಷವಾದರೂ ನಿಲಯಕ್ಕೆ ಅದರಿಂದ ಭಾರವಿಲ್ಲ. ಇಂಟರ್‌ನೆಟ್ಟಿನ ಮೇಲೆ ಬರುವ ನೇರ ಪ್ರಸಾರ ಹಾಗಲ್ಲ. ಅಲ್ಲಿ ಪ್ರತಿಯೊಬ್ಬ ನೋಡುಗನಿಗೂ ಪ್ರತ್ಯೇಕವಾಗಿ ಬಡಿಸಬೇಕು. ಕ್ಯಾಮರಾದ ಚಿತ್ರವನ್ನು ಯಂತ್ರವೊಂದು ಸಂಕ್ಷೇಪಿಸಿ, ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತದೆ. ಹೂವಾಡಗಿತ್ತಿ ಒಂದು ಕಡೆ ಕಟ್ಟುತ್ತ ಇನ್ನೊಂದು ಕಡೆ ಮೊಳ ಹಾಕಿ ಕೊಡುತ್ತಾಳಲ್ಲವೆ, ಹಾಗೆ. ಆಪಲ್ ಕಂಪನಿ ೨೦೦೯ರಲ್ಲಿ ಹೊರತಂದ ಎಚ್‌ಎಲ್‌ಎಸ್ ಎಂಬ ಪದ್ಧತಿಯಲ್ಲಿ ಈ ಮೊಳ ಮೊದಲಿಗೆ ೧೦ ಸೆಕೆಂಡಿನದಾಗಿತ್ತು. ಮುಂದೆ ೬ ಸೆಕೆಂಡು ಸಾಕೆಂದು ಸಲಹೆಮಾಡಿದರು. ಡ್ಯಾಶ್ ಎಂಬ ಇನ್ನೊಂದು ಪದ್ಧತಿ ೨೦೧೨ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಎರಡರ ತತ್ತ್ವವೂ ಒಂದೇ. ಬ್ರೌಸರು ‘ಹೊಸ ಮೊಳ ಕಟ್ಟಿದೆಯೆ?’ ಎಂದು ಮತ್ತೆ ಮತ್ತೆ ಕೇಳುತ್ತದೆ. ಸಿಕ್ಕಿದ್ದನ್ನು ಹಿಂದಿನದಕ್ಕೆ ಜೋಡಿಸಿ ತೋರಿಸುತ್ತದೆ.

ಕಟ್ಟಕಡೆಯ ಮೊಳದಿಂದಲೇ ತೋರಿಸತೊಡಗಿದರೆ ಅಪಾಯವೆಂದು ಅದು ಸಾಧಾರಣವಾಗಿ ಮೂರು ಮೊಳ ಹಿಂದೆ ನಿಂತಿರುತ್ತದೆ. ಆರು ಸೆಕೆಂಡಿನ ಮೊಳವಾದರೆ ಅಲ್ಲಿಗೆ ೧೮ ಸೆಕೆಂಡು ತಡವಾಯಿತು. ಪಕ್ಕದ ಮನೆಯವರು ಟೆಲಿವಿಷನ್ ಮುಂದೆ ‘ಸಿಕ್ಸರ್!’ ಎಂದು ಕೂಗಿದಾಗ ನಿಮ್ಮ ತೆರೆಯಲ್ಲಿ ಬೌಲರು ಇನ್ನೂ ಚೆಂಡು ಉಜ್ಜುತ್ತಿರುವುದು ಇದರಿಂದಲೇ. ಇದು ರೋಗವಲ್ಲ, ಪ್ರಕೃತಿ. ಇದಕ್ಕೆ ಔಷಧ ಹುಡುಕಬೇಡಿ.

ಹೀಗೆ ಮುಂಚಿತವಾಗಿ ತರಿಸಿ ಇಟ್ಟುಕೊಂಡ ದಾಸ್ತಾನಿಗೆ ಬಫರ್ ಎಂದು ಹೆಸರು. ದಿನ ಬಿಟ್ಟು ದಿನ ನಲ್ಲಿ ಬರುವ ನಮ್ಮ ಊರುಗಳವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ; ಅದು ಮನೆಯ ಸಂಪು. ನಲ್ಲಿ ನಿಂತರೂ ಸಂಪಿನಲ್ಲಿ ನೀರಿರುವ ತನಕ ಕೆಲಸ ಸಾಗುತ್ತದೆ. ಚಕ್ರ ಸುತ್ತುತ್ತಿದೆಯೆಂದರೆ ಸಂಪು ಬರಿದಾಯಿತೆಂದು ಅರ್ಥ. ಮುದ್ರಿಸಿಟ್ಟ ಚಲನಚಿತ್ರವಾದರೆ ಮುಂದಿನ ಹಲವು ನಿಮಿಷಗಳ ಚಿತ್ರವನ್ನು ಈಗಲೇ ತುಂಬಿಕೊಳ್ಳಬಹುದು. ನೇರ ಪ್ರಸಾರದಲ್ಲಿ ಅದು ಹೇಗೆ ಸಾಧ್ಯ? ಇನ್ನೂ ನಡೆಯದೆ ಇರುವುದನ್ನು ಯಾರೂ ತುಂಬಿಡಲಾರರು. ಸಿನಿಮಾ ಸುಸೂತ್ರವಾಗಿ ಓಡುವ ಮನೆಯಲ್ಲೇ ಮದುವೆಯ ಪ್ರಸಾರ ಮುಗ್ಗರಿಸುವುದರ ಕಾರಣ ಇದು.

ಇದರಿಂದಲೇ ಒಂದು ಉಪಾಯವೂ ಹೊಳೆಯುತ್ತದೆ. ಚಿತ್ರ ಪದೇ ಪದೇ ತಡೆಯುತ್ತಿದ್ದರೆ ನೀವಾಗಿಯೇ ಒಂದು ನಿಮಿಷ ಅದನ್ನು ನಿಲ್ಲಿಸಿ, ಅನಂತರ ಬಿಡಿ. ಆಗ ನೀವು ಒಂದು ನಿಮಿಷ ಹಿಂದೆ ಬಿದ್ದಿರುತ್ತೀರಿ. ಸಂಪಿನಲ್ಲಿ ಆ ಒಂದು ನಿಮಿಷದಷ್ಟು ನೀರು ಕೂಡಲು ಅವಕಾಶವಾಗುತ್ತದೆ. ಹಿಂದಕ್ಕೆ ಸರಿಯಲು ಅವಕಾಶವಿರುವ ಯೂಟ್ಯೂಬಿನಂಥ ತಾಣಗಳಲ್ಲಿ ಇದು ನಡೆಯುತ್ತದೆ. ಆದರೆ ಚಿತ್ರದ ಕೆಳಗೆ ‘ಲೈವ್’ ಎಂಬ ಗುರುತಿರುತ್ತದಲ್ಲ, ಅದನ್ನು ಒತ್ತಬೇಡಿ. ಒತ್ತಿದರೆ ಬ್ರೌಸರು ಕೂಡಿಟ್ಟದ್ದನ್ನೆಲ್ಲ ಚೆಲ್ಲಿ ಮುಂಚೂಣಿಗೆ ಓಡುತ್ತದೆ. ಒಂದು ನಿಮಿಷ ತಡವಾಗಿ ಕಂಡ ತಾಳಿಯೂ ತಾಳಿಯೇ ಎಂದು ನನ್ನ ಮತ.

ಇನ್ನು ದೋಷದ ಸ್ಥಳವನ್ನು ಹುಡುಕುವ ವಿಚಾರ. ಮೊದಲು ಮೊಬೈಲಿನ ವೈಫೈ ಆರಿಸಿ, ಅದರ ಸ್ವಂತ ಡೇಟಾದಿಂದ ಅದೇ ಪ್ರಸಾರವನ್ನು ತೆರೆದು ನೋಡಿ. ಅಲ್ಲಿಯೂ ಅದೇ ಜಾಗದಲ್ಲಿ ನಿಂತಿದ್ದರೆ ದೋಷ ಬಹುಶಃ ಕಳಿಸುವವರ ಕಡೆಯದು. ಕಲ್ಯಾಣಮಂಟಪದಲ್ಲಿ ವಿಡಿಯೋದವನು ತನ್ನ ಮೊಬೈಲಿನಿಂದಲೇ ಇಂಟರ್‌ನೆಟ್ ಹಂಚಿಕೊಂಡು ಕಳಿಸುತ್ತಿರುತ್ತಾನೆ. ಅದೇ ಗೋಪುರವನ್ನು ನಂಬಿ ಐನೂರು ನೆಂಟರೂ ಫೋಟೋ ಕಳಿಸುತ್ತಿರುತ್ತಾರೆ. ಆಗ ನೀವು ಇಲ್ಲಿ ಎಷ್ಟು ಗುಂಡಿ ಒತ್ತಿದರೂ ಫಲವಿಲ್ಲ. ಅಲ್ಲಿರುವ ಯಾರಿಗಾದರೂ ಫೋನು ಮಾಡಿ ತಿಳಿಸುವುದೇ ದಾರಿ. ಮೊಬೈಲಿನಲ್ಲಿ ಸರಾಗವಾಗಿ ಬಂದರೆ ಕಂಪ್ಯೂಟರಿನಲ್ಲಿ ಬೇರೊಂದು ವಿಡಿಯೋ ಹಚ್ಚಿ. ಅದೂ ತಡೆದರೆ ದಾರಿಯ ದೋಷ. ಅದು ಓಡಿ ಇದೊಂದೇ ನಿಂತರೆ, ಇನ್ನೊಂದು ಬ್ರೌಸರಿನಲ್ಲಿ ಇದನ್ನು ತೆರೆಯಿರಿ. ಅಲ್ಲಿ ಬಂದಿತೆಂದರೆ ನಿಮ್ಮ ಮೊದಲ ಬ್ರೌಸರಿನ ಮೇಲೆಯೇ ಅಪರಾಧ ನಿಂತಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸಂಧಿ ಬಿಡಿಸುವಾಗ ಎರಡು ಪದಗಳನ್ನೂ ಒಟ್ಟಿಗೆ ತಿದ್ದುವ ಹುಡುಗನಿಗೆ ಯಾವುದರಲ್ಲಿ ತಪ್ಪಿತ್ತೆಂಬುದು ಕೊನೆಗೂ ತಿಳಿಯುವುದಿಲ್ಲ.

ದಾರಿಯ ದೋಷಕ್ಕೆ ಮೊದಲ ಮದ್ದು ಚಿತ್ರದ ಗುಣಮಟ್ಟವನ್ನು ಇಳಿಸುವುದು. ವಿಡಿಯೋದ ಮೂಲೆಯಲ್ಲಿ ಹಲ್ಲುಚಕ್ರದ ಗುರುತಿದೆ. ಅದನ್ನು ಒತ್ತಿ ೧೦೮೦ ಇದ್ದುದನ್ನು ೪೮೦ಕ್ಕೆ ತನ್ನಿ. ೧೦೮೦ರ ಚಿತ್ರಕ್ಕೆ ಸೆಕೆಂಡಿಗೆ ಸುಮಾರು ೫ ಮೆಗಾಬಿಟ್ ಹರಿವು ಬೇಕು. ೪೮೦ಕ್ಕೆ ಅದರ ಕಾಲುಭಾಗದಲ್ಲೇ ನಡೆದುಹೋಗುತ್ತದೆ. ಎರಡನೆಯದಾಗಿ, ಅದೇ ಸಂಪರ್ಕದಿಂದ ಮನೆಯಲ್ಲಿ ಇನ್ನಾರು ನೀರು ಸೇದುತ್ತಿದ್ದಾರೆಂದು ವಿಚಾರಿಸಿ. ಮಗನ ಲ್ಯಾಪ್‌ಟಾಪು ತಾನಾಗಿಯೇ ನವೀಕರಣಗೊಳ್ಳುತ್ತಿರಬಹುದು. ಮೂರನೆಯದು ರೌಟರಿನ ವಾಸಸ್ಥಾನ. ಚೆಂದ ಕಾಣುವುದಿಲ್ಲವೆಂದು ಅದನ್ನು ಕಬ್ಬಿಣದ ಬೀರುವಿನ ಹಿಂದೆ ತುರುಕುವವರುಂಟು. ಲೋಹವನ್ನು ಹಾಯ್ದು ವೈಫೈ ಬರಲಾರದು. ವೈಫೈಗೆ ೨.೪ ಮತ್ತು ೫ ಗಿಗಾಹರ್ಟ್ಸ್ ಎಂದು ಎರಡು ಹಾದಿಗಳು ಬಳಕೆಯಲ್ಲಿವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಸಂದಣಿ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಹಾದಿಯಲ್ಲಿ ಗದ್ದಲ ಮಾಡುತ್ತದೆ. ಎರಡನೆಯದು ವೇಗವುಳ್ಳದ್ದು, ಹತ್ತಿರದವರಿಗೆ ಒಳ್ಳೆಯದು. ಇವೆಲ್ಲಕ್ಕಿಂತ ರೌಟರಿನಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದುಬಿಡುವುದು ಮೇಲು.

ಬ್ರೌಸರಿನ ದೋಷಗಳನ್ನು ಲಕ್ಷಣ ನೋಡಿ ಗುರುತಿಸಬೇಕು. ಚಿತ್ರವಿದೆ, ಧ್ವನಿಯಿಲ್ಲ ಎನ್ನಿ. ಪುಟ ತೆರೆದೊಡನೆ ತಾನಾಗಿ ಅರಚುವ ವಿಡಿಯೋಗಳಿಂದ ಜನ ಬೇಸತ್ತಿದ್ದರು. ಆದ್ದರಿಂದ ಸಫಾರಿ ೨೦೧೭ರಲ್ಲೂ ಕ್ರೋಮ್ ೨೦೧೮ರಲ್ಲೂ ಅವುಗಳ ಬಾಯಿಗೆ ಕಡಿವಾಣ ಹಾಕಿದವು. ಅಂದಿನಿಂದ ಎಷ್ಟೋ ವಿಡಿಯೋಗಳು ಮೂಕವಾಗಿ ಪ್ರಾರಂಭವಾಗುತ್ತವೆ. ಗೀಟು ಹಾಕಿದ ಸ್ಪೀಕರಿನ ಗುರುತನ್ನು ಒತ್ತಿದರೆ ಮಾತು ಬರುತ್ತದೆ. ಅಷ್ಟಾದರೂ ಬಾರದಿದ್ದರೆ ಧ್ವನಿ ಬ್ಲೂಟೂತಿನ ಮೂಲಕ ಒಳಕೋಣೆಯಲ್ಲಿರುವ ಇಯರ್‌ಫೋನಿಗೆ ಹೋಗುತ್ತಿದೆಯೇ ನೋಡಿ. ಇದಕ್ಕೆ ವಿರುದ್ಧವಾಗಿ ಧ್ವನಿಯಿದ್ದು ತೆರೆ ಕಪ್ಪಾಗಿದ್ದರೆ, ಚಿತ್ರ ಬಿಡಿಸುವ ಯಂತ್ರಭಾಗಕ್ಕೂ ಬ್ರೌಸರಿಗೂ ಹೊಂದಾಣಿಕೆ ತಪ್ಪಿರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಷನ್’ ಎಂಬುದನ್ನು ತೆಗೆದುಹಾಕಿ ಬ್ರೌಸರನ್ನು ಮುಚ್ಚಿ ತೆರೆಯಿರಿ. ಚಿತ್ರವನ್ನು ಸಂಕ್ಷೇಪಿಸುವ ಲಿಪಿಗಳೂ ಹಲವಿವೆ. ೨೦೦೩ರ ಎಚ್.೨೬೪ ಎಂಬುದನ್ನು ಹೆಚ್ಚುಕಡಿಮೆ ಎಲ್ಲ ಬ್ರೌಸರುಗಳೂ ಓದಬಲ್ಲವು, ೨೦೧೩ರ ಎಚ್.೨೬೫ನ್ನು ಎಲ್ಲವೂ ಓದಲಾರವು. ಹಾಗಿದ್ದಾಗ ಬೇರೆ ಬ್ರೌಸರೇ ಪರಿಹಾರ.

ಜಾಹೀರಾತು ತಡೆಯಲೆಂದು ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳು ಕೆಲವೊಮ್ಮೆ ವಿಡಿಯೋವನ್ನೂ ತಡೆಯುತ್ತವೆ. ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಖಾಸಗಿ ಕಿಟಕಿ ತೆರೆಯುತ್ತದೆ. ಫೈರ್‌ಫಾಕ್ಸಿನಲ್ಲಿ ಎನ್ ಬದಲು ಪಿ. ಎಕ್ಸ್‌ಟೆನ್ಷನ್‌ಗಳಿಗೆ ನೀವು ಬೇರೆಯಾಗಿ ಅಪ್ಪಣೆ ಕೊಟ್ಟ ಹೊರತು ಅಲ್ಲಿ ಪ್ರವೇಶವಿಲ್ಲ. ಅಲ್ಲಿ ಸರಿಯಾಗಿ ಬಂದರೆ ಅವೇ ತಪ್ಪಿತಸ್ಥರು, ಇಲ್ಲವೆ ಹಳೆಯ ದಾಸ್ತಾನು. ದಾಸ್ತಾನು ಅಳಿಸುವಾಗ ಆ ಒಂದು ತಾಣದ್ದನ್ನು ಮಾತ್ರ ಅಳಿಸಿ. ‘ಎಲ್ಲ ಕುಕಿಗಳನ್ನೂ ಅಳಿಸಿ’ ಎಂಬ ಸಲಹೆಯನ್ನು ಧಾರಾಳವಾಗಿ ಕೊಡುವವರಿದ್ದಾರೆ. ಹಾಗೆ ಮಾಡಿದರೆ ನೀವು ಪ್ರವೇಶಿಸಿದ್ದ ಎಲ್ಲ ತಾಣಗಳೂ ಮತ್ತೆ ಗುಪ್ತಪದ ಕೇಳುತ್ತವೆ. ಮುಹೂರ್ತದ ಹೊತ್ತು ಅದಕ್ಕಲ್ಲ.

ಯಾರೂ ಶಂಕಿಸದ ಒಂದು ಕಾರಣ ಕಂಪ್ಯೂಟರಿನ ಗಡಿಯಾರ. ೨೦೨೩ರ ಆಗಸ್ಟ್ ೨೩ರಂದು ಸಂಜೆ ಚಂದ್ರಯಾನ-೩ ಚಂದ್ರನ ಮೇಲಿಳಿಯುವುದನ್ನು ತೋರಿಸಲು ನಮ್ಮ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿದ್ದೆವು. ಪುಟ ತೆರೆಯಲೊಲ್ಲದು; ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಒಂದೇ ಹಟ. ಇಂಟರ್‌ನೆಟ್ಟಿನವರನ್ನು ಎಲ್ಲರೂ ಬೈಯುತ್ತಿರುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ‘ಸಾರ್, ಮೂಲೆಯಲ್ಲಿ ಇಸವಿ ಹಳೇದು ತೋರಿಸ್ತಿದೆ’ ಎಂದಳು. ಒಳಗಿನ ಬಿಲ್ಲೆಯಂಥ ಬ್ಯಾಟರಿ ತೀರಿಹೋಗಿ ಯಂತ್ರಕ್ಕೆ ವರ್ಷವೇ ಮರೆತಿತ್ತು. ಪ್ರತಿ ತಾಣವೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರ ಅವಧಿ ಇನ್ನೂ ಪ್ರಾರಂಭವೇ ಆಗಿಲ್ಲವೆಂದು ನಮ್ಮ ಬ್ರೌಸರು ತಿಳಿದಿತ್ತು. ತಾರೀಖು ತಿದ್ದಿದ ಕೂಡಲೆ ಬೆಂಗಳೂರಿನ ನಿಯಂತ್ರಣ ಕೊಠಡಿ ತೆರೆಯ ಮೇಲೆ ಬಂತು. ೬ ಗಂಟೆ ೪ ನಿಮಿಷಕ್ಕೆ ನೌಕೆ ಇಳಿಯಿತು. ಯೂಟ್ಯೂಬಿನಲ್ಲಿ ಆಗ ಏಕಕಾಲಕ್ಕೆ ೮೦ ಲಕ್ಷಕ್ಕೂ ಮಿಕ್ಕಿದ ನೋಡುಗರಿದ್ದರು. ಪ್ರತಿಯೊಬ್ಬರಿಗೂ ಬೇರೆಯಾಗಿ ಬಡಿಸಬೇಕೆಂದೆನಲ್ಲ, ಅಷ್ಟು ಪಂಕ್ತಿಗೂ ಬಡಿಸಲು ಸಾಧ್ಯವಾದದ್ದು ತುಣುಕುಗಳ ಪ್ರತಿಗಳನ್ನು ಊರೂರಿನ ಉಗ್ರಾಣಗಳಲ್ಲಿ ಇಡುವ ಏರ್ಪಾಡಿನಿಂದ.

ಒಂದು ಎಚ್ಚರಿಕೆ ಅಗತ್ಯ. ‘ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’ ಎಂದು ಯಾವ ಪುಟವಾದರೂ ಕೇಳಿದರೆ ಒಪ್ಪಬೇಡಿ. ಅದರ ಆಯುಸ್ಸು ೨೦೨೦ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ೨೦೨೧ರ ಜನವರಿ ೧೨ರಿಂದ ಅದು ಚಿತ್ರ ತೋರಿಸುವುದನ್ನೇ ನಿಲ್ಲಿಸಿತು. ಈಗ ಅದರ ಹೆಸರು ಹೇಳುವ ಪುಟ ಹಳಸಿದ್ದಾಗಿರಬೇಕು, ಇಲ್ಲವೆ ವಂಚಕರದಾಗಿರಬೇಕು. ಪಂದ್ಯದ ಹೆಸರಿನಲ್ಲಿ, ಅಷ್ಟೇಕೆ, ಸತ್ತವರ ಅಂತ್ಯಕ್ರಿಯೆಯ ಹೆಸರಿನಲ್ಲಿ ಸಹ ಸುಳ್ಳು ನೇರ ಪ್ರಸಾರದ ಕೊಂಡಿ ಕಳಿಸಿ ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳಿದ ಪಾಪಿಗಳುಂಟು. ನೆಂಟರ ಮನೆಯವರು ತಾವೇ ಕಳಿಸಿದ ಕೊಂಡಿಯನ್ನು ಮಾತ್ರ ತೆರೆಯಿರಿ.

ಆದಷ್ಟು ಮಟ್ಟಿಗೆ ಹಿಂದಿನ ದಿನವೇ ಅದೇ ಕಂಪ್ಯೂಟರಿನಲ್ಲಿ ಯಾವುದಾದರೂ ನೇರ ಪ್ರಸಾರ ಹಚ್ಚಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಪ್ರಸಾರ ಹೊರದೇಶದ್ದಾದರೆ ವೇಳೆಯನ್ನು ಎರಡು ಸಲ ಲೆಕ್ಕಹಾಕಿ. ನಮ್ಮ ಗಡಿಯಾರ ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ತಿಳಿದವರ ನೆರವು ಕೇಳುವಾಗ ‘ಬರ್ತಾ ಇಲ್ಲ’ ಎಂದಷ್ಟೇ ಹೇಳಬೇಡಿ. ಯಾವ ಬ್ರೌಸರು, ನಿಂತದ್ದು ಚಿತ್ರವೋ ಧ್ವನಿಯೋ, ಮೊಬೈಲಿನಲ್ಲಿ ಬರುತ್ತಿದೆಯೇ, ತೆರೆಯ ಮೇಲೆ ಬರೆದಿರುವ ಮಾತು ಅಕ್ಷರಶಃ ಏನು, ಇಷ್ಟನ್ನು ಹೇಳಿ. ಇಷ್ಟೆಲ್ಲ ಮಾಡಿಯೂ ಗಟ್ಟಿಮೇಳ ತಪ್ಪಿಹೋದರೆ, ಯೂಟ್ಯೂಬಿನ ಪ್ರಸಾರವಾಗಿದ್ದ ಪಕ್ಷಕ್ಕೆ ರಾತ್ರಿ ಅದೇ ಕೊಂಡಿಯನ್ನು ಮತ್ತೆ ತೆರೆದು ನೋಡಿ. ೧೨ ಗಂಟೆಗಿಂತ ಕಡಿಮೆ ಅವಧಿಯ ಪ್ರಸಾರಗಳನ್ನು ಅದು ತಾನಾಗಿಯೇ ಉಳಿಸಿಕೊಳ್ಳುತ್ತದೆ. ಮದುವೆಮನೆಯವರು ಅಳಿಸಿರದಿದ್ದರೆ ಅಜ್ಜಿಗೆ ಆಗ ತಡೆಯಿಲ್ಲದೆ ತೋರಿಸಬಹುದು.