ಕೈಗೊಂದು ಖಡ್ಗ, ಪೀಠಕ್ಕೊಂದು ಖಡ್ಗ

ಆದವಾನಿಯ ಬೆಟ್ಟದ ಕೋಟೆಗೆ ಒಡೆಯರು ಅನೇಕರು. ವಿಜಯನಗರದ ಅರಸರ ತರುವಾಯ ಬಿಜಾಪುರದ ಆದಿಲಶಾಹಿಗಳು, ಸಿದ್ದಿ ಮಸೂದ್ ಖಾನ್, ಮೊಗಲರು, ಬಸಾಲತ್ ಜಂಗ್ ಅದನ್ನು ಆಳಿದರು. 1786ರಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಕೋಟೆಯನ್ನು ಗೆದ್ದುಕೊಂಡ. ಹದಿಮೂರು ವರ್ಷಗಳ ಬಳಿಕ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಮಲಗುವ ಕೋಣೆಯಲ್ಲಿ ಸಿಕ್ಕಿದ ಟಿಪ್ಪುವಿನ ಖಡ್ಗವನ್ನು ಬ್ರಿಟಿಷ್ ಸೇನೆ ದಾಳಿಯ ಮುಂದಾಳು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಗೌರವದ ಕಾಣಿಕೆಯಾಗಿ ಕೊಟ್ಟಿತು. ಅದೇ ಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದವನು ಈ ಬೇರ್ಡ್.

ಆ ಖಡ್ಗದ ಅಲಗಿನ ಮೇಲೆ ‘ಶಂಶೀರ್-ಇ-ಮಲಿಕ್’ ಎಂದು ಚಿನ್ನದಲ್ಲಿ ಕೆತ್ತಿದೆ. ದೊರೆಯ ಖಡ್ಗ ಎಂದರ್ಥ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅದು 1.4 ಕೋಟಿ ಪೌಂಡ್‌ಗೂ ಮೀರಿದ ಬೆಲೆಗೆ ಹೋಯಿತು.

ಸೇನಾಧಿಕಾರಿಗೆ ಖಡ್ಗ ಕೊಟ್ಟು ಮನ್ನಿಸುವ ರೂಢಿ ಇಂದಿಗೂ ನಿಂತಿಲ್ಲ. ಗಣರಾಜ್ಯೋತ್ಸವದ ದಿನ ದೆಹಲಿಯ ಕರ್ತವ್ಯಪಥದಲ್ಲಿ ಸೇನಾ ತುಕಡಿಯ ನಾಯಕರು ಬಿಚ್ಚುಗತ್ತಿಯಿಂದಲೇ ವಂದನೆ ಸಲ್ಲಿಸುತ್ತಾರೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲೂ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲೂ ಎಲ್ಲದರಲ್ಲೂ ಮುಂದಿರುವ ಕೆಡೆಟ್‌ಗೆ ‘ಸ್ವೋರ್ಡ್ ಆಫ್ ಆನರ್’ ಸಲ್ಲುತ್ತದೆ. 2010ರಲ್ಲಿ ಚೆನ್ನೈನಲ್ಲಿ ಅದನ್ನು ಪಡೆದ ದಿವ್ಯಾ ಅಜಿತ್ ಕುಮಾರ್ ಈ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ. 2015ರ ಗಣರಾಜ್ಯೋತ್ಸವದಲ್ಲಿ ಸೇನೆಯ ಮಹಿಳಾ ತುಕಡಿಯನ್ನು ಮುನ್ನಡೆಸಿದವರೂ ಅವರೇ.

ಇಂಥ ಖಡ್ಗವನ್ನು ಆರಿಸುವವರ ಮುಂದೆ ಮೊದಲು ಬರುವುದು ಬಳಕೆಯ ಪ್ರಶ್ನೆ. ಅದು ಒಬ್ಬ ಅಧಿಕಾರಿಯ ಸೊಂಟದಲ್ಲಿ ತೂಗಬೇಕೋ, ಸಂಸ್ಥೆಯೊಂದರ ಗುರುತಾಗಿ ತಲೆಮಾರುಗಟ್ಟಲೆ ಉಳಿಯಬೇಕೋ? ಇದು ಇತ್ಯರ್ಥವಾಗದೆ ಹಿಡಿಗೆ ಎಷ್ಟು ಚಿನ್ನದ ನೀರು ಕುಡಿಸಬೇಕೆಂದು ಲೆಕ್ಕ ಹಾಕುವುದು ವ್ಯರ್ಥ.

ಕೈಯಲ್ಲಿ ಹಿಡಿಯುವ ಖಡ್ಗಕ್ಕೆ ಅಳತೆಯೇ ಮುಖ್ಯ. ಬ್ರಿಟಿಷ್ ಪದಾತಿ ಅಧಿಕಾರಿಗಳಿಗೆಂದು 1897ರಲ್ಲಿ ಗೊತ್ತುಮಾಡಿದ ಮಾದರಿಯ ಅಲಗು ನೇರ, ಉದ್ದ ಸುಮಾರು 82 ಸೆಂಟಿಮೀಟರ್. ಅದಕ್ಕೂ ಒಂದು ಶತಮಾನ ಹಿಂದಿನ, 1796ರ ಹಗುರ ಅಶ್ವದಳದ ಖಡ್ಗದ ಅಲಗು ಬಾಗಿದ್ದು; ಕುದುರೆಯ ಮೇಲಿಂದ ಬೀಸಿ ಹೊಡೆಯಲು ಆ ಬಾಗು ಬೇಕಿತ್ತು. ಇಂದು ಬಾಗೋ ನೇರವೋ ಎಂಬುದನ್ನು ಆಯಾ ದಳದ ಸಮವಸ್ತ್ರದ ನಿಯಮ ಹೇಳುತ್ತದೆ, ಕೊಳ್ಳುವವರ ಇಷ್ಟವಲ್ಲ. ವಂದನೆಯಲ್ಲಿ ಹಿಡಿ ಮೊದಲು ಬಾಯಿಯ ಮಟ್ಟಕ್ಕೆ ಬರುತ್ತದೆ, ಬಳಿಕ ಅಲಗು ಬಲಪಕ್ಕಕ್ಕೆ ಇಳಿಯುತ್ತದೆ. ಆಗ ಮೊನೆ ನೆಲಕ್ಕೆ ತಾಗಿದರೆ ಸಾಲಿನ ಅಂದವೇ ಕೆಟ್ಟಂತೆ. ಕುಳ್ಳಗಿನ ಅಧಿಕಾರಿಗೆ ಉದ್ದನೆಯ ಖಡ್ಗ ಕೊಟ್ಟರೆ ನಡೆಯುವಾಗ ಒರೆ ಕಾಲಿಗೆ ತೊಡರುತ್ತದೆ.

ಎರಡನೆಯದು ತೂಕದ ಹದ. ಭಾರವೆಲ್ಲ ಮೊನೆಯ ಕಡೆಗಿದ್ದರೆ ಮಣಿಕಟ್ಟು ಬೇಗ ಸೋಲುತ್ತದೆ. ಅಲಗಿನ ಬುಡ ಹಿಡಿಯೊಳಗೆ ಕೊನೆಯವರೆಗೂ ಹೋಗಿ ಬಿಗಿದಿರಬೇಕು. ಗೋಡೆಗೆ ತೂಗುಹಾಕಲೆಂದು ಮಾಡಿದ ಅಗ್ಗದ ಸರಕಿನಲ್ಲಿ ಅಲಗು ಸಡಿಲವಾಗುವುದು ಇಲ್ಲಿಯೇ. ಒರೆಯಲ್ಲಿಟ್ಟು ಅಲುಗಾಡಿಸಿದರೆ ಗಲಗಲ ಸದ್ದು ಬರಬಾರದು. ಕವಾಯತಿನ ಖಡ್ಗಕ್ಕೆ ಹರಿತ ಬೇಡ, ಅದರ ಬಾಯಿ ಮೊಂಡಾಗಿಯೇ ಇರುತ್ತದೆ. ಕಾರ್ಬನ್ ಉಕ್ಕಿನ ಅಲಗಿಗೆ ಪರಂಪರೆಯ ಬಲವಿದೆ, ಆದರೆ ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ಆರೈಕೆ ಕಡಿಮೆ ಸಾಕು. ಚರ್ಮದ ಒರೆ ತೇವವನ್ನು ಹೀರಿ ಹಿಡಿದಿಡುವುದರಿಂದ ವರ್ಷವಿಡೀ ಖಡ್ಗವನ್ನು ಅದರೊಳಗೇ ಬಿಡುವಂತಿಲ್ಲ. ಹೊರತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ ಬೇರೆಯಾಗಿ ಇಡಬೇಕು.

ಮಾಡುವ ಊರುಗಳೂ ಹಳೆಯವು. ಜರ್ಮನಿಯ ಜೋಲಿಂಗೆನ್ ಶತಮಾನಗಳಿಂದ ಅಲಗುಗಳ ಪಟ್ಟಣ. ಲಂಡನ್ನಿನ ವಿಲ್ಕಿನ್ಸನ್ ಕಂಪನಿ 2005ರಲ್ಲಿ ಖಡ್ಗ ತಯಾರಿಕೆಯನ್ನು ನಿಲ್ಲಿಸಿತು. ದಖ್ಖನ್ನಿನ ಸರದಾರರು ಯುರೋಪಿನ ಅಲಗು ತರಿಸಿ ಇಲ್ಲಿನ ಹಿಡಿ ಜೋಡಿಸಿಕೊಂಡು ‘ಫಿರಂಗಿ’ ಎಂದು ಕರೆಯುತ್ತಿದ್ದರು. ಟಿಪ್ಪುವಿನ ಆ ಖಡ್ಗದ ಅಲಗೂ ಜರ್ಮನ್ ಮಾದರಿಯನ್ನು ನೋಡಿ ಮಾಡಿದ್ದೆಂದು ಹರಾಜಿನವರು ವಿವರಿಸಿದ್ದರು.

ಸಂಸ್ಥೆಯ ಗುರುತಾಗಿ ಉಳಿಯುವ ಪೀಠದ ಖಡ್ಗದ ಮಾತೇ ಬೇರೆ. ಮೈಸೂರಿನ ಪಟ್ಟದ ಕತ್ತಿಯನ್ನು ಆಯುಧಪೂಜೆಯ ದಿನ ಉಳಿದ ಖಾಸಾ ಆಯುಧಗಳೊಡನೆ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಶುದ್ಧಿಗೊಳಿಸಿ ಪೂಜಿಸುತ್ತಾರೆ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು. ಮರುವರ್ಷದ ದಸರೆಯ ಹೊತ್ತಿಗೆ ಉತ್ತರಾಧಿಕಾರಿ ಇರಲಿಲ್ಲ. ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನೇ ಇರಿಸಲಾಯಿತು. ವ್ಯಕ್ತಿ ಇಲ್ಲದಾಗಲೂ ಪೀಠದ ಪರವಾಗಿ ನಿಲ್ಲುವ ಇಂಥ ಖಡ್ಗಕ್ಕೆ ಯಾವೊಬ್ಬರ ಎತ್ತರದ ಅಳತೆಯೂ ಬೇಕಿಲ್ಲ. ಅದರ ಮೇಲೆ ಇರಬೇಕಾದದ್ದು ಸಂಸ್ಥೆಯ ಲಾಂಛನ ಮತ್ತು ವರ್ಷ. ಕೊಡುವ ಅಧಿಕಾರಿಯ ಹೆಸರನ್ನು ದೊಡ್ಡದಾಗಿ ಕೆತ್ತಿಸುವುದು ಸಲ್ಲದು.

ಸಂಸ್ಥೆಗಳು ಕಾನೂನನ್ನೂ ಗಮನಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಹರಿತವಾದ ಮಾರಕ ಆಯುಧಗಳನ್ನು ಪ್ರತ್ಯೇಕ ವರ್ಗಕ್ಕೆ ಸೇರಿಸಿವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅವುಗಳಿಗೆ ಪರವಾನಗಿ ಬೇಕು. ಯಾರಿಗೆ, ಯಾವಾಗ, ಯಾವ ಆದೇಶದ ಮೇಲೆ ಕೊಟ್ಟಿದ್ದೆಂಬ ದಾಖಲೆಯನ್ನು ಖಡ್ಗದ ಜೊತೆಗೇ ಇಡುವುದು ಒಳ್ಳೆಯದು.

ಆದವಾನಿ, ಆಲೂರು, ಬಳ್ಳಾರಿ, ರಾಯಚೂರಿನ ಸಂಸ್ಥೆಗಳು ಸ್ಮರಣೆಯ ಖಡ್ಗ ಕೊಡುವುದಾದರೆ ಕುಸುರಿಗೆ ದೂರ ಹೋಗಬೇಕಾಗಿಲ್ಲ. ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದ್ರಿ ಕಲೆ ಬೀದರಿನಲ್ಲಿ ಜೀವಂತವಾಗಿದೆ. ಅಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಹಿಂದೆ ಖಡ್ಗದ ಹಿಡಿಗಳಿಗೂ ಬಿದ್ರಿ ಕೆಲಸ ಮಾಡುತ್ತಿದ್ದರು. ಅಲಗನ್ನು ನುರಿತ ತಯಾರಕರಿಂದ ತರಿಸಿ, ಹಿಡಿಯ ಅಲಂಕಾರವನ್ನೋ ಲಾಂಛನದ ಫಲಕವನ್ನೋ ಬೀದರಿನ ಕುಶಲಕರ್ಮಿಗಳಿಗೆ ಒಪ್ಪಿಸಿದರೆ ಆ ಕಾಣಿಕೆಯಲ್ಲಿ ಈ ಸೀಮೆಯ ಕೈಕೆಲಸವೂ ಸೇರಿಕೊಳ್ಳುತ್ತದೆ.