ಜ್ವಾಲಾಮಾಲಿನಿಯಿಂದ ಬಾಣಾಮತಿಯವರೆಗೆ

ನಾಂಪಲ್ಲಿಯ ನಿಲ್ದಾಣದಿಂದ ವಾಡಿಯ ಕಡೆಗೆ ಹೊರಡುವ ರೈಲು ತಾಂಡೂರನ್ನು ದಾಟಿ ಕನ್ನಡನಾಡನ್ನು ಪ್ರವೇಶಿಸಿದ ಮೇಲೆ ಮೊದಲು ಸೇಡಂ, ಅನಂತರ ಮಳಖೇಡ ರೋಡ್ ಎಂಬ ನಿಲ್ದಾಣಗಳು ಬರುತ್ತವೆ. ಕಲಬುರಗಿಯ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಈ ಹಾದಿಯನ್ನು ಎಷ್ಟು ಸಲ ತುಳಿದಿರುವರೋ ಲೆಕ್ಕವಿಲ್ಲ. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಎಲ್ಲರಿಗೂ ವಿದಿತ. ಆದರೆ ಭಾರತದ ಮಂತ್ರಶಾಸ್ತ್ರದ ಚರಿತ್ರೆಯಲ್ಲಿಯೂ ಈ ಎರಡು ಊರುಗಳಿಗೆ ಸ್ಥಾನವುಂಟೆಂಬುದನ್ನು ಬಲ್ಲವರು ಕಡಮೆ. ಮಾನವನು ಅಗೋಚರವಾದ ಒಂದು ಶಕ್ತಿಯನ್ನು ಕರೆದು, ಅದರಿಂದ ತನ್ನ ಕಾರ್ಯವನ್ನು ಸಾಧಿಸಿಕೊಳ್ಳುವ ವಿದ್ಯೆಯ ಒಂದು ಪ್ರಮುಖ ಗ್ರಂಥವು ಮಾನ್ಯಖೇಟದಲ್ಲಿ ಪೂರ್ಣಗೊಂಡಿತು. ಅದೇ ವಿದ್ಯೆಯ ಅಧಿದೇವತೆಯ ಹೆಸರನ್ನು ಸೇಡಂನ ಮಹಾಜನರು ತಮ್ಮ ಬಿರುದುಗಳ ನಡುವೆ ಕಲ್ಲಿನಲ್ಲಿ ಕೆತ್ತಿಸಿದರು.

ಪಾಶ್ಚಾತ್ಯ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಮಾಟಗಾರಿಕೆಯು ಒಂದು ಧರ್ಮದ ರೂಪದಲ್ಲಿ ಮರಳಿ ತಲೆಯೆತ್ತಿದೆ. ಅದರ ಅನುಯಾಯಿಗಳಲ್ಲಿ ಸಹಾಯಕ ಭೂತಗಳ ವಿಚಾರಕ್ಕೆ ದೊಡ್ಡ ಪ್ರಾಶಸ್ತ್ಯವಿದೆ. ನಮ್ಮ ಭಾಷೆಗೆ ಈ ಕಲ್ಪನೆ ಹೊಸದಲ್ಲ. ಕೈಚಳಕದಿಂದ ವಸ್ತುಗಳನ್ನು ಮಾಯಮಾಡುವವನನ್ನು ಕನ್ನಡಿಗರು ಯಕ್ಷಿಣಿಗಾರನೆಂದು ಕರೆಯುತ್ತಾರೆ. ಅವನ ಆಟವೂ ಯಕ್ಷಿಣಿಯೇ. ಅವನಿಗೆ ವಶಳಾದ ಯಕ್ಷಿಣಿಯೊಬ್ಬಳು ಕಣ್ಣಿಗೆ ಕಾಣದೆ ದುಡಿಯುತ್ತಾಳೆಂಬ ಹಳೆಯ ನಂಬಿಕೆ ಈ ಪದದಲ್ಲಿ ಉಳಿದುಕೊಂಡಿದೆ. ಜಾತ್ರೆಯ ಆಟಕ್ಕೆ ಇಳಿದ ಈ ಪದಕ್ಕೆ ಒಂದು ಕಾಲದಲ್ಲಿ ಗುರುಪರಂಪರೆಯೂ ಶಾಸ್ತ್ರವೂ ಇದ್ದವು.

ಆ ಶಾಸ್ತ್ರಗಳಲ್ಲಿ ಒಂದಾದ ಇಂದ್ರನಂದಿಯ ‘ಜ್ವಾಲಾಮಾಲಿನೀಕಲ್ಪ’ವು ಶಕ ೮೬೧ರಲ್ಲಿ, ಎಂದರೆ ಕ್ರಿ. ಶ. ೯೩೯ರಲ್ಲಿ, ಅಕ್ಷಯ ತೃತೀಯೆಯಂದು ಮಾನ್ಯಖೇಟದಲ್ಲಿ ಮುಗಿಯಿತು. ಆಗ ಆಳುತ್ತಿದ್ದವನು ಕೃಷ್ಣರಾಜ, ಎಂದರೆ ಮುಮ್ಮಡಿ ಕೃಷ್ಣ. ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಯಕ್ಷಿ, ಅಷ್ಟಭುಜೆ, ಮಹಿಷವಾಹನೆ. ಮಲೆನಾಡಿನ ನರಸಿಂಹರಾಜಪುರದಲ್ಲಿ ಆಕೆಯ ಪೂಜೆ ಇಂದಿಗೂ ಸಾಗಿದೆ. ಈ ಗ್ರಂಥ ಹುಟ್ಟಿದ ಕಾರಣವನ್ನು ಇಂದ್ರನಂದಿಯೇ ಒಂದು ಕಥೆಯ ರೂಪದಲ್ಲಿ ನಿರೂಪಿಸಿದ್ದಾನೆ.

ದಕ್ಷಿಣದೇಶದ ಹೇಮಗ್ರಾಮದಲ್ಲಿ ದ್ರವಿಡಗಣದ ಹೇಲಾಚಾರ್ಯನೆಂಬ ಮುನಿಯಿದ್ದನು. ಆತನ ಶಿಷ್ಯೆಯಾದ ಕಮಲಶ್ರೀಯನ್ನು ಬ್ರಹ್ಮರಾಕ್ಷಸನೊಬ್ಬನು ಹಿಡಿದನು. ಅವಳ ಅವಸ್ಥೆಯನ್ನು ಕಂಡು ಮರುಗಿದ ಗುರು ಸಮೀಪದ ನೀಲಗಿರಿಯೆಂಬ ಬೆಟ್ಟದ ಶಿಖರವನ್ನೇರಿ ವಹ್ನಿದೇವತೆಯನ್ನು ಆರಾಧಿಸಿದನು. ಏಳನೆಯ ದಿನ ಪ್ರತ್ಯಕ್ಷಳಾದ ದೇವಿ ಆತನ ಬಯಕೆಯೇನೆಂದು ಕೇಳಿದಳು. ಕಾಮಾರ್ಥಗಳಾವುವೂ ತನಗೆ ಬೇಡ, ಕಮಲಶ್ರೀಗೆ ಹಿಡಿದ ಗ್ರಹವನ್ನು ಬಿಡಿಸಿದರೆ ಸಾಕು ಎಂದು ಮುನಿ ಬಿನ್ನವಿಸಿದನು. ದೇವಿಯು ಲೋಹಪತ್ರದ ಮೇಲೆ ಬರೆದ ಮಂತ್ರವನ್ನು ಅವನಿಗೆ ಅನುಗ್ರಹಿಸಿದಳು. ಶಿಷ್ಯೆ ಬಿಡುಗಡೆ ಹೊಂದಿದಳು. ಅನಂತರ ದೇವಿಯ ಆದೇಶದಂತೆ ಹೇಲಾಚಾರ್ಯನು ಈ ವಿದ್ಯೆಯನ್ನು ಗ್ರಂಥಸ್ಥಗೊಳಿಸಿದನು. ಅದು ಗಂಗಮುನಿ, ನೀಲಗ್ರೀವ, ಬಿಜಾವ, ಆರ್ಯಿಕೆ ಕ್ಷಾಂತಿರಸಬ್ಬೆ, ಕ್ಷುಲ್ಲಕ ವಿರುವಟ್ಟ ಮೊದಲಾದವರ ಪರಂಪರೆಯಲ್ಲಿ ಇಳಿದುಬಂದು, ಕಡೆಗೆ ಇಂದ್ರನಂದಿಯ ಕೈಗೆ ತಲಪಿತು. ಡಾ. ಪಿ. ಬಿ. ದೇಸಾಯಿಯವರು ೧೯೫೭ರಲ್ಲಿ ಪ್ರಕಟವಾದ ತಮ್ಮ ದಕ್ಷಿಣಭಾರತದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿ ಹೇಮಗ್ರಾಮವನ್ನು ತಮಿಳುನಾಡಿನ ಪೊನ್ನೂರೆಂದು ಗುರುತಿಸಿದ್ದಾರೆ. ಪೊನ್ ಎಂದರೆ ಚಿನ್ನವಷ್ಟೆ. ಹೆಸರಿನ ಅರ್ಥವೂ ಹೊಂದುತ್ತದೆ.

ಈ ಪರಂಪರೆಯಲ್ಲಿ ಕ್ಷಾಂತಿರಸಬ್ಬೆಯ ಹೆಸರು ಗಮನಾರ್ಹವಾದುದು. ಸಂಸ್ಕೃತ ಪ್ರಶಸ್ತಿಯ ನಡುವೆ ಕನ್ನಡದ ‘ಅಬ್ಬೆ’ ನಿಸ್ಸಂಕೋಚವಾಗಿ ಕುಳಿತಿದ್ದಾಳೆ. ಮಂತ್ರವಿದ್ಯೆಯನ್ನು ಕಾಪಾಡಿ ಮುಂದಿನವರಿಗೆ ದಾಟಿಸಿದವರ ಸಾಲಿನಲ್ಲಿ ಒಬ್ಬ ಸ್ತ್ರೀಯನ್ನು ಗೌರವದಿಂದ ಹೆಸರಿಸಲು ಹತ್ತನೆಯ ಶತಮಾನದ ಆಚಾರ್ಯನಿಗೆ ಹಿಂಜರಿಕೆಯಾಗಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಯೋಜನವಿದೆ.

ಗ್ರಂಥದ ಹತ್ತು ಅಧಿಕಾರಗಳಲ್ಲಿ ಮೊದಲನೆಯದು ಮಂತ್ರಿಯನ್ನು ಕುರಿತದ್ದು. ಇಲ್ಲಿ ಮಂತ್ರಿಯೆಂದರೆ ಅರಸನ ಅಮಾತ್ಯನಲ್ಲ, ಮಂತ್ರವನ್ನು ಪ್ರಯೋಗಿಸುವವನು. ಗ್ರಹಗಳ ವರ್ಣನೆ ಬರುವುದು ಎರಡನೆಯ ಅಧಿಕಾರದಲ್ಲಿ. ಮುದ್ರೆ, ಮಂಡಲ, ಕಟುತೈಲ, ವಶ್ಯಯಂತ್ರ, ತಂತ್ರ, ಸ್ನಪನ, ನೀರಾಜನ, ಸಾಧನವಿಧಿಗಳು ಆಮೇಲಿನವು. ಈ ಕ್ರಮದಲ್ಲಿಯೇ ಒಂದು ಅಭಿಪ್ರಾಯ ಅಡಗಿದೆ. ಶಕ್ತಿ ಎಂತಹುದೆಂಬ ಪ್ರಶ್ನೆಗೆ ಮುನ್ನ, ಅದನ್ನು ಕರೆಯುವವನು ಎಂತಹವನೆಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಅವನಿಗೆ ಇಂದ್ರಿಯನಿಗ್ರಹ, ಗುರುಭಕ್ತಿ, ಏಕಾಗ್ರತೆಗಳಿರಬೇಕು. ಅವಿಲ್ಲದವನ ಮುಂದೆ ಮಂಡಲ ಬರೆದು ಫಲವಿಲ್ಲ. ಹಾಗೆಂದು ಈ ಕಲ್ಪವನ್ನು ಕೇವಲ ಸದಾಚಾರದ ಪಾಠವೆಂದು ಹೊಗಳುವುದೂ ತಪ್ಪಾದೀತು. ಹೇಲಾಚಾರ್ಯನು ಬೇಡವೆಂದ ಕಾಮಾರ್ಥಗಳು ವಶ್ಯಯಂತ್ರದ ಅಧಿಕಾರದಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದಿವೆ. ಶಿಷ್ಯೆಯ ರೋಗಕ್ಕೆಂದು ಬೇಡಿದ ವಿದ್ಯೆಯೇ ಪರರನ್ನು ವಶಪಡಿಸಿಕೊಳ್ಳುವ ವಿದ್ಯೆಯಾಗಿ ಬೆಳೆದುದನ್ನು ಭಕ್ತರು ಮುಚ್ಚಿಡಬಹುದು, ಚರಿತ್ರಕಾರನು ಮುಚ್ಚಿಡಲಾರನು.

ಒಂದು ಶತಮಾನದ ತರುವಾಯ ‘ಭೈರವಪದ್ಮಾವತೀಕಲ್ಪ’ವನ್ನು ಬರೆದ ಮಲ್ಲಿಷೇಣನಿಗೆ ಈ ಅಪಾಯದ ಅರಿವಿತ್ತು. ಈತನು ತನ್ನ ಮಹಾಪುರಾಣವನ್ನು ಕ್ರಿ. ಶ. ೧೦೪೭ರಲ್ಲಿ ಮುಳಗುಂದದಲ್ಲಿ ಮುಗಿಸಿದವನು. ಸ್ತಂಭನ, ಆಕರ್ಷಣ, ವಶ್ಯಗಳಿಗೆ ಈತನೂ ಒಂದೊಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದರೆ ಮಂತ್ರವನ್ನು ಶಿಷ್ಯನಿಗೆ ಒಪ್ಪಿಸುವ ವಿಧಿಯನ್ನು ಬಹು ಬಿಗಿಯಾಗಿ ಕಟ್ಟಿದ್ದಾನೆ. ಅಗ್ನಿ, ಸೂರ್ಯ, ಚಂದ್ರ, ನಕ್ಷತ್ರ, ಆಕಾಶ, ಪರ್ವತಗಳನ್ನು ಸಾಕ್ಷಿಯಾಗಿಸಿ, ಕೈಗೆ ನೀರೆರೆದು ಗುರು ಮಂತ್ರವನ್ನು ಕೊಡಬೇಕು. ಸಮ್ಯಕ್ತ್ವವಿಲ್ಲದವನಿಗೆ ಇದನ್ನು ಕೊಡಕೂಡದೆಂಬ ಷರತ್ತನ್ನು ಶಿಷ್ಯನು ಒಪ್ಪಬೇಕು. ಭೂದಾನದ ಶಾಸನಗಳನ್ನು ಓದಿದವರಿಗೆ ಈ ಧಾಟಿ ಪರಿಚಿತವೇ. ಮಂತ್ರವು ಇಲ್ಲಿ ಸಾಕ್ಷಿಗಳ ಮುಂದೆ ಬರೆದುಕೊಟ್ಟ, ಕಂಡವರಿಗೆ ಪರಭಾರೆ ಮಾಡಲಾಗದ ದಸ್ತಾವೇಜಿನಂತಿದೆ.

ಈ ನಿರ್ಬಂಧದಿಂದಾಚೆಗೆ ದೇವತೆ ಸಂಚರಿಸಲಿಲ್ಲವೆ? ಸಂಚರಿಸಿದಳು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಯ ವರ್ಷಗಳಿಗೆ ಸೇರಿದ, ಕ್ರಿ. ಶ. ೧೧೨೪ರ ಸೇಡಂ ಶಾಸನವೇ ಇದಕ್ಕೆ ಪ್ರಮಾಣ. ಅಲ್ಲಿಯ ಅಗ್ರಹಾರದ ಮುನ್ನೂರು ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಈ ಶಾಸನ ತಿಳಿಸುತ್ತದೆ. ಅವರು ನಾರಾಯಣನ ಆರಾಧಕರು, ಅರುವತ್ತನಾಲ್ಕು ಕಲೆಗಳಲ್ಲಿ ನಿಪುಣರು, ಜ್ವಾಲಾಮಾಲಿನಿಯ ಉಪಾಸಕರು. ಇಷ್ಟಕ್ಕೇ ಮುಗಿಯಲಿಲ್ಲ. ಅಭಿಚಾರಹೋಮದ ಬಲದಿಂದ ಕಾಂಚೀಪುರದ ಬಾಗಿಲ ಕದಗಳನ್ನು ಒಡೆದವರೆಂದೂ ಶಾಸನವು ಅವರನ್ನು ಕೊಂಡಾಡುತ್ತದೆ. ಚಾಲುಕ್ಯ–ಚೋಳರ ವೈರವನ್ನು ಬಲ್ಲವರಿಗೆ ಕಂಚಿಯ ಬಾಗಿಲು ಇಲ್ಲಿಗೇಕೆ ಬಂದಿತೆಂದು ವಿವರಿಸಬೇಕಾಗಿಲ್ಲ.

ವೈದಿಕ ಬ್ರಾಹ್ಮಣರು ಜೈನ ಯಕ್ಷಿಯನ್ನು ಉಪಾಸಿಸಿದುದು ಮತಸಾಮರಸ್ಯದ ದೃಷ್ಟಾಂತವೆಂದು ಈ ಶಾಸನವನ್ನು ಉದಾಹರಿಸಬಹುದು. ಅದು ಸರಿಯೂ ಹೌದು. ಪ್ರಕೃತ ವಿಷಯಕ್ಕೆ ಇನ್ನೊಂದು ಅಂಶ ಮುಖ್ಯ. ಅಭಿಚಾರವೆಂದರೆ ಶತ್ರುವಿಗೆ ಕೇಡನ್ನು ಬಯಸಿ ಮಾಡುವ ಕ್ರಿಯೆ. ಬಳಕೆಯ ಕನ್ನಡದಲ್ಲಿ ಅದಕ್ಕೆ ಮಾಟವೆಂದು ಹೆಸರು. ಆ ಮಾಟವನ್ನು ಮಾಡಿದೆವೆಂದು ಊರಿನ ಗಣ್ಯರು ಹೆಮ್ಮೆಯಿಂದ ಕಲ್ಲಿನ ಮೇಲೆ ಬರೆಯಿಸಿದ್ದಾರೆ. ರಾಜನ ಶತ್ರುವಿನ ಮೇಲೆ, ವಿದ್ಯಾವಂತರ ಕೈಯಿಂದ, ಹೋಮಕುಂಡದ ಮುಂದೆ ನಡೆದುದರಿಂದ ಅದು ಅಪರಾಧವಾಗಲಿಲ್ಲ, ಬಿರುದಾಯಿತು.

ಇಂಗ್ಲೆಂಡಿನ ಚರಿತ್ರೆಯಲ್ಲಿಯೂ ಇದೇ ಭೇದ ಕಾಣುತ್ತದೆ. ಒಂದನೆಯ ಎಲಿಜಬೆತ್ ರಾಣಿಯ ಆಶ್ರಯ ಪಡೆದಿದ್ದ ಗಣಿತಜ್ಞ ಜಾನ್ ಡೀ ೧೫೮೦ರ ದಶಕದಲ್ಲಿ ಎಡ್ವರ್ಡ್ ಕೆಲ್ಲಿ ಎಂಬವನ ನೆರವಿನಿಂದ, ಸ್ಫಟಿಕದಲ್ಲಿ ಕಾಣಿಸಿಕೊಂಡರೆನ್ನಲಾದ ದೇವದೂತರೊಡನೆ ಸಂಭಾಷಿಸಿ ಅದೆಲ್ಲವನ್ನೂ ಬರೆದಿಟ್ಟನು. ಭೂತವನ್ನು ಕರೆಯುವುದು, ಕೆಲಸಕ್ಕಿಡುವುದು, ಅದಕ್ಕೆ ಉಣಬಡಿಸುವುದು ಮರಣದಂಡನೆಗೆ ಅರ್ಹವಾದ ಅಪರಾಧವೆಂದು ೧೬೦೪ರ ಶಾಸನ ವಿಧಿಸಿತು. ಆ ಕಾನೂನಿನ ಬಾಯಿಗೆ ಬಿದ್ದವರಲ್ಲಿ ಎಲಿಜಬೆತ್ ಕ್ಲಾರ್ಕ್ ಒಬ್ಬಳು. ಮ್ಯಾನಿಂಗ್‌ಟ್ರೀ ಎಂಬ ಊರಿನ ಈ ಮುದುಕಿಗೆ ಒಂದೇ ಕಾಲು. ೧೬೪೫ರಲ್ಲಿ ಮ್ಯಾಥ್ಯೂ ಹಾಪ್ಕಿನ್ಸನ ಕಡೆಯವರು ಆಕೆಯನ್ನು ರಾತ್ರಿಗಳ ಕಾಲ ನಿದ್ದೆಗೆಡಿಸಿದ ಮೇಲೆ, ಬೆಕ್ಕಿನ ಮರಿ, ನಾಯಿ ಮೊದಲಾದ ರೂಪಗಳಲ್ಲಿ ತನ್ನ ಭೂತಗಳು ಬರುತ್ತವೆಂದು ಆಕೆ ಒಪ್ಪಿಕೊಂಡಳಂತೆ. ಅವಳನ್ನು ಗಲ್ಲಿಗೇರಿಸಿದರು. ವಿದ್ವಾಂಸನ ಮನೆಯಲ್ಲಿ ದೇವದೂತನೆನಿಸಿಕೊಂಡದ್ದು ಬಡವಿಯ ಗುಡಿಸಿಲಲ್ಲಿ ಪಿಶಾಚಿಯಾಯಿತು.

ಮಾಟದ ವಿರುದ್ಧ ಉಳಿದಿದ್ದ ೧೭೩೫ರ ಕಾನೂನನ್ನು ಇಂಗ್ಲೆಂಡು ೧೯೫೧ರಲ್ಲಿ ರದ್ದುಗೊಳಿಸಿತು. ಮೂರು ವರ್ಷಗಳಲ್ಲಿಯೇ ಜೆರಾಲ್ಡ್ ಗಾರ್ಡ್‌ನರನು ಇಂದಿನ ಮಾಟಗಾರಿಕೆಯನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದನು. ಈಗ ವಿಕ್ಕಾ ಎಂದು ಹೆಸರಾದ ಪಂಥ ಬೆಳೆದುದು ಅಲ್ಲಿಂದ. ಅವರ ವಿಧಿಯಲ್ಲಿ ಸಾಧಕರು ವೃತ್ತವೊಂದನ್ನು ಬರೆದು ನಾಲ್ಕು ದಿಕ್ಕುಗಳ ಪಾಲಕರನ್ನು ಆಹ್ವಾನಿಸುತ್ತಾರೆ. ನಮ್ಮ ದಿಗ್ಬಂಧನ, ಸಕಲೀಕರಣಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆ ಪಾಲಕರಿಗೆ ಅವರು ಬಳಸುವ ‘ಕಾವಲುಗೋಪುರ’ವೆಂಬ ಹೆಸರು ಜಾನ್ ಡೀಯ ಬರಹದಿಂದಲೇ ಬಂದುದು. ಎಲಿಜಬೆತ್ ಕ್ಲಾರ್ಕಳ ಬೆಕ್ಕಿನ ಮರಿಯೂ ಈಗ ಮನೆಯಲ್ಲಿ ಸಾಕಿದ, ಸಾಧನೆಗೆ ಜೊತೆಯಾದ ಪ್ರಾಣಿಯಾಗಿ ಪ್ರೀತಿಗೆ ಪಾತ್ರವಾಗಿದೆ. ಇನ್ನೂ ಈಚಿನ ಕೆಲವರು ಸಹಾಯಕ ಭೂತವನ್ನು ಹೊರಗಿನಿಂದ ಕರೆಯುವುದೇ ಇಲ್ಲ. ತಮ್ಮ ಸಂಕಲ್ಪದಿಂದಲೇ ಒಂದು ಸೇವಕರೂಪವನ್ನು ಸೃಷ್ಟಿಸಿ, ಅದಕ್ಕೆ ಹೆಸರಿಟ್ಟು, ಒಂದು ಕೆಲಸವನ್ನು ಒಪ್ಪಿಸಿ, ಕೆಲಸ ಮುಗಿದೊಡನೆ ಲಯಗೊಳಿಸುತ್ತಾರೆ. ಹೇಲಾಚಾರ್ಯನು ಏಳು ದಿನ ಬೆಟ್ಟದ ಮೇಲೆ ಕಾದನು, ಇವರು ಕಾಯಬೇಕಾಗಿಲ್ಲ. ಗುರುವೂ ಬೇಡ, ಸಾಕ್ಷಿಗೆ ಸೂರ್ಯಚಂದ್ರರೂ ಬೇಡ. ಅದರಿಂದ ಪರರಿಗೆ ಹಾನಿಯಿಲ್ಲದಿದ್ದರೆ ಆಕ್ಷೇಪಿಸುವ ಕಾರಣವೂ ಇಲ್ಲ.

ಹಾನಿಯಿರುವುದು ಬೇರೊಂದು ಕಡೆ. ಅದೂ ಸೇಡಂ–ತಾಂಡೂರುಗಳ ಸುತ್ತಲಿನ ಸೀಮೆಯಲ್ಲಿಯೇ. ಕಲಬುರಗಿ, ಬೀದರ ಜಿಲ್ಲೆಗಳಲ್ಲಿಯೂ ನೆರೆಯ ತೆಲಂಗಾಣದ ಹಳ್ಳಿಗಳಲ್ಲಿಯೂ ಬಾಣಾಮತಿಯ ಭಯ ಹಳೆಯದು. ಮನೆಯ ಮೇಲೆ ಕಲ್ಲು ಬೀಳುತ್ತದೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಂಗಸೊಬ್ಬಳು ನಾಯಿಯಂತೆ ಬೊಗಳತೊಡಗುತ್ತಾಳೆ. ಕಮಲಶ್ರೀಯ ಕಾಲದಲ್ಲಾಗಿದ್ದರೆ ಇದನ್ನು ಗ್ರಹವೆನ್ನುತ್ತಿದ್ದರು. ಗ್ರಹಬಾಧೆಗೆ ಚರಕನು ಹಿಂಸೆ, ರತಿ, ಅಭ್ಯರ್ಚನೆಗಳೆಂಬ ಮೂರು ಪ್ರಯೋಜನಗಳನ್ನು ಹೇಳುತ್ತಾನೆ. ಆ ಮೂರೂ ಗ್ರಹದ ಬಯಕೆಗಳೇ ಹೊರತು ನೆರೆಮನೆಯವರ ಬಯಕೆಗಳಲ್ಲ. ಬಾಣಾಮತಿಯಲ್ಲಿ ಮಾತ್ರ ಮೊದಲು ಏಳುವ ಪ್ರಶ್ನೆ, ಮಾಡಿಸಿದವರು ಯಾರೆಂಬುದು. ಉತ್ತರವೂ ಹೆಚ್ಚು ಹುಡುಕದೆ ಸಿಕ್ಕುತ್ತದೆ. ಒಂಟಿ ಮುದುಕಿ, ಜಮೀನಿನ ತಂಟೆಯಿರುವ ದಾಯಾದಿ, ಊರಿಗೆ ಬೇಡವಾದ ಕೂಲಿಯವನು. ಅವರನ್ನು ಕಂಬಕ್ಕೆ ಕಟ್ಟಿ ಹೊಡೆದ, ಕೊಂದ ಪ್ರಕರಣಗಳುಂಟು. ಮಂತ್ರವನ್ನು ಉಚ್ಚರಿಸಲಾಗದಿರಲೆಂದು ಹಲ್ಲುಗಳನ್ನು ಕಿತ್ತ ಪ್ರಕರಣಗಳೂ ಉಂಟು. ಬೀಜಾಕ್ಷರದ ಉಚ್ಚಾರಣೆ ಶುದ್ಧವಾಗಿರಬೇಕೆಂಬ ಶಾಸ್ತ್ರದ ನಿಯಮವು, ಅಕ್ಷರವನ್ನೇ ಕಲಿಯದ ಬಡವನ ದವಡೆಯ ಮೇಲೆ ಈ ರೂಪದಲ್ಲಿ ಬಂದು ಬಿದ್ದಿತು.

ಕಲ್ಪವನ್ನು ಬರೆದವರು ಅಧಿಕಾರಿಯ ಲಕ್ಷಣವನ್ನು ಮೊದಲಿಟ್ಟರೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಆ ಅಳತೆಯಿಂದ ನೋಡಿದರೆ, ಸಹಾಯಕ ಶಕ್ತಿಯೊಂದನ್ನು ವಶಪಡಿಸಿಕೊಳ್ಳಲು ವರ್ಷಗಳ ವ್ರತ, ಗುರುಸೇವೆ, ಹೋಮದ್ರವ್ಯ, ಬಿಡುವು ಇವೆಲ್ಲ ಬೇಕು. ದಿನಗೂಲಿಗೆ ಹೋಗುವ ಹೆಂಗಸಿಗೆ ಇವುಗಳಲ್ಲಿ ಯಾವುದಿದೆ? ಶಾಸ್ತ್ರವನ್ನು ನಂಬುವವರಾದರೂ ಅವಳನ್ನು ಸಂದೇಹಿಸಲು ಆ ಶಾಸ್ತ್ರವೇ ಎಡೆಗೊಡುವುದಿಲ್ಲ. ಶಾಸ್ತ್ರವನ್ನು ನಂಬದವರ ಮಾತು ಹಾಗಿರಲಿ.

ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರರ ಹತ್ಯೆಯ ತರುವಾಯ ೨೦೧೩ರಲ್ಲಿ ಅಮಾನುಷ ಆಚರಣೆಗಳ ವಿರುದ್ಧ ಕಾನೂನು ಬಂದಿತು. ಕರ್ನಾಟಕದ ಕಾನೂನು ೨೦೧೭ರದು. ಜಾರಿಗೆ ಬಂದುದು ೨೦೨೦ರಲ್ಲಿ. ಭೂತ ಬಿಡಿಸುವ ನೆಪದಲ್ಲಿ ಹಗ್ಗ ಸರಪಳಿಗಳಿಂದ ಕಟ್ಟುವುದು, ಕೋಲು ಚಾವಟಿಗಳಿಂದ ಹೊಡೆಯುವುದು ಅದರಲ್ಲಿ ಅಪರಾಧಗಳು. ಕಾನೂನು ಭೂತದ ಅಸ್ತಿತ್ವವನ್ನು ವಿಚಾರಿಸಹೋಗಿಲ್ಲ. ಕಟ್ಟಿದವರು ಯಾರು, ಹೊಡೆದವರು ಯಾರು ಎಂಬಷ್ಟನ್ನೇ ಅದು ಕೇಳುತ್ತದೆ.

ಇಂದ್ರನಂದಿಯ ಕಥೆಯಲ್ಲಿಯೂ ಬ್ರಹ್ಮರಾಕ್ಷಸನನ್ನು ಕಮಲಶ್ರೀಯ ಮೇಲೆ ಕಳುಹಿಸಿದವರ ಹೆಸರಿಲ್ಲ. ಹೇಲಾಚಾರ್ಯನು ಅದನ್ನು ಕೇಳಲೂ ಇಲ್ಲ. ಬೆಟ್ಟವನ್ನೇರಿ ಔಷಧವನ್ನು ಹುಡುಕಿದನು.