ಶರ್ಯತ್ತಿಗೆ ಹೊಸ ಗಾಡಿ ಕಟ್ಟಿಸ್ತೀರಾ? ಮೊದಲು ಎತ್ತಿನ ಹೆಗಲು ನೋಡಿ

ಬೀಳಗಿ: ಚಕ್ಕಡಿ ಓಟಕ್ಕೆ ಗಾಡಿ ಕಟ್ಟಿಸೋರು ಬಡಿಗೇರ ಹತ್ರ ಹೋಗಲಿ, ವೆಲ್ಡಿಂಗ್ ಅಂಗಡಿಗೆ ಹೋಗಲಿ, ಮೊದಲು ಹೇಳೋ ಮಾತು ‘ಹಗುರ ಆಗಬೇಕ್ರಿ’. ಹಗುರ ಬೇಕು, ಖರೆ. ಆದರೆ ಅಷ್ಟರಿಂದಲೇ ಗಾಡಿ ಶರ್ಯತ್ತಿಗೆ ತಯಾರಾಗಲ್ಲ. ಕಾಯ್ದೆಗೂ ಹೊಂದಬೇಕು, ಎತ್ತಿಗೂ ಹೊಂದಬೇಕು.

ಕಾಯ್ದೆ ಏನು ಹೇಳ್ತದ?

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳಿಗೆ ತಡೆ ಹಾಕಿತ್ತು. ಕರ್ನಾಟಕ ಸರ್ಕಾರ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು, ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ಷರತ್ತು ಒಂದು: ಪ್ರಾಣಿಗೆ ಅನಗತ್ಯ ನೋವು ಆಗಬಾರದು. ಕಾಯ್ದೆ ಪಾಲನೆ ನೋಡಿಕೊಳ್ಳುವ ಹೊಣೆಯನ್ನು ಕೋರ್ಟ್ ಜಿಲ್ಲಾಧಿಕಾರಿ ಮತ್ತು ಸಂಬಂಧಪಟ್ಟ ಅಧಿಕಾರಿಗಳ ಮೇಲೆ ಹಾಕಿದೆ.

ಗಾಡಿ ಕಟ್ಟೋರಿಗೆ ಇನ್ನೊಂದು ನಿಯಮ ಮುಖ್ಯ. ಭಾರ ಎಳೆಯುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮದ ಪ್ರಕಾರ ಮೊಳೆ, ಗುಬ್ಬಿ, ಚೂಪು ತುದಿ ಇರುವ ನೊಗ ಬಳಸುವಂತಿಲ್ಲ. ಮೊಳೆ ಬಡಿದ ಬಡಿಗೆಯೂ ನಡೆಯಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡುವಂತಿಲ್ಲ. ನಮ್ಮ ಕಡೆ ಬ್ಯಾಸಗಿಯಲ್ಲಿ ಇದು ದಿನಾ ನೆನಪಿಡೋ ಮಾತು.

ತೂಕ ಎಲ್ಲಿ ಬೀಳ್ತದ?

ಗಾಡಿಯ ಒಟ್ಟು ತೂಕಕ್ಕಿಂತ ಅದು ಎಲ್ಲಿ ಬೀಳ್ತದ ಅನ್ನೋದು ದೊಡ್ಡದು. ಗಾಡಿ ಹೊಡೆಯೋರು ತಮ್ಮ ಜಾಗದಲ್ಲಿ ನಿಲ್ಲಲಿ. ನೊಗವನ್ನು ಎತ್ತಿನ ಹೆಗಲಿನ ಎತ್ತರಕ್ಕೆ ಎತ್ತಿ ಹಿಡಿದು ನೋಡಿ. ನೊಗ ಧಪ್ ಅಂತ ಕೆಳಗೆ ಜಗ್ಗಿದರೆ ಮುಂದಿನ ಭಾರ ಜಾಸ್ತಿ. ಓಡುವಾಗ ಅದೆಲ್ಲ ಹೆಗಲಿಗೆ ಕುಟ್ಟುತ್ತದೆ, ಬಾವು ಬರುತ್ತದೆ. ಮ್ಯಾಲೆ ಎದ್ದರೆ ಹಿಂದಿನ ಭಾರ ಜಾಸ್ತಿ. ಕೊರಳ ಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ. ಅಚ್ಚನ್ನು ಸ್ವಲ್ಪ ಮುಂದೆ ಅಥವಾ ಹಿಂದೆ ಸರಿಸಿದರೆ ಸರಿಹೋಗುತ್ತದೆ. ಆದ್ದರಿಂದ ಅಚ್ಚನ್ನು ಮೊದಲೇ ಗಟ್ಟಿಯಾಗಿ ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿ ನೋಡಿ.

ನೊಗವನ್ನು ನುಣ್ಣಗೆ ಕೆತ್ತಿಸಿ, ಹೆಗಲು ಕೂಡುವ ಜಾಗ ಅಗಲ ಇರಲಿ. ಎತ್ತುಗಳ ಎತ್ತರ ಸಮ ಇಲ್ಲದಿದ್ದರೆ ನೊಗ ವಾಲಿ ಒಂದೇ ಬದಿ ಉಜ್ಜುತ್ತದೆ.

ಬಾಲ್ ಬೇರಿಂಗ್ ಹಾಕಿದ ಗಾಲಿ ಸಲೀಸು ಉರುಳುತ್ತದೆ. ಅದರಲ್ಲೇ ಒಂದು ಅಪಾಯವೂ ಇದೆ: ಎತ್ತು ನಿಂತರೂ ಗಾಡಿ ನಿಲ್ಲಲ್ಲ, ಹಿಂಗಾಲಿಗೆ ಬಂದು ಬಡಿಯುತ್ತದೆ. ಮೂಕಿ ಗಿಡ್ಡ ಮಾಡಿದರೆ ತೂಕ ಉಳಿಯಬಹುದು, ಕಾಲು ಉಳಿಯಲ್ಲ. ಓಡುವಾಗ ಹಿಂಗಾಲು ಪೂರ್ತಿ ಚಾಚಿದರೂ ಗಾಡಿಗೆ ತಾಗದಷ್ಟು ಜಾಗ ಬಿಡಿ. ಹಲಗೆ ತಗ್ಗಾಗಿ, ಗಾಲಿಗಳ ನಡುವೆ ಅಗಲ ಜಾಸ್ತಿ ಇದ್ದರೆ ತಿರುವಿನಲ್ಲಿ ಗಾಡಿ ಪಲ್ಟಿ ಆಗೋದು ಕಡಿಮೆ. ಅಚ್ಚಿನ ತುದಿ, ಕೀಲು ಹೊರಗೆ ಚಾಚದಿರಲಿ.

ಅಳತೆ ಒಂದೇ ಇದ್ರ ಹೆಂಗ?

ತಿದ್ದುಪಡಿ ಕಾಯ್ದೆ ಗಾಡಿಯ ಉದ್ದಗಲ ಹೇಳುವುದಿಲ್ಲ. ಹೀಗಾಗಿ ಅಳತೆ ಗೊತ್ತು ಮಾಡಬೇಕಾದವರು ಓಟದ ಸಮಿತಿಯವರೇ. ಇದಕ್ಕೆ ದೂರದ ಒಂದು ಉದಾಹರಣೆ ಅಮೆರಿಕದಲ್ಲಿದೆ. 1936–37ರ ಚಳಿಗಾಲದಲ್ಲಿ ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆಯ ಕಾರ್ಯಾಗಾರದಲ್ಲಿ, ಹೆಪ್ಪುಗಟ್ಟಿದ ಕೆರೆ ಮೇಲೆ ಗಾಳಿಯಿಂದ ಜಾರಿ ಓಡುವ ಸಣ್ಣ ದೋಣಿ ತಯಾರಾಯಿತು. ದೋಣಿ 12 ಅಡಿ ಉದ್ದ, ಅಡ್ಡ ಹಲಗೆ 8 ಅಡಿ, ಹಾಯಿ 60 ಚದರ ಅಡಿ. ಇವತ್ತಿಗೂ ಜನ ಮನೆಯಲ್ಲೇ ಅದನ್ನು ಕಟ್ಟಿ ಸ್ಪರ್ಧೆಗೆ ಇಳೀತಾರೆ. ಅಳತೆ ಎಲ್ಲರಿಗೂ ಒಂದೇ ಇರೋದರಿಂದ ರೊಕ್ಕಕ್ಕಿಂತ ಓಡಿಸೋರ ಕೈಗುಣಕ್ಕೆ ಬೆಲೆ.

ನೆರೆಯ ಮಹಾರಾಷ್ಟ್ರ 2017ರಲ್ಲೇ ಓಟದ ದಾರಿ 1000 ಮೀಟರ್ ದಾಟಬಾರದು ಎಂದು ನಿಯಮ ಮಾಡಿತು. ನಮ್ಮ ಸಮಿತಿಗಳೂ ದಾರಿಯ ಉದ್ದ, ಗಾಡಿಯ ಕನಿಷ್ಠ ತೂಕ, ಮೂಕಿಯ ಉದ್ದವನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿದರೆ ಜಗಳ ಕಡಿಮೆ, ಎತ್ತಿಗೂ ರಕ್ಷಣೆ.

ಓಟದ ಮುಂಚೆ

ಅನುಮತಿ ಪಡೆದಿದ್ದಾರೋ ಇಲ್ಲವೋ ಸಮಿತಿಯವರನ್ನು ಕೇಳಿ. ಪಶು ವೈದ್ಯರಿಗೆ ಎತ್ತು ತೋರಿಸಿ. ನೊಗದ ಮೇಲೆ ಬರಿಗೈ ಆಡಿಸಿ ನೋಡಿ. ಕೈಗೆ ಚುಚ್ಚಿದ್ದು ಹೆಗಲಿಗೂ ಚುಚ್ಚುತ್ತದೆ. ಒಂದು ಕಡೆ ಎತ್ತು ಗಾಯಗೊಂಡು ದೂರು ಹೋದರೆ ಮುಂದಿನ ಊರಿನ ಅನುಮತಿಗೂ ತೊಡಕು. ಓಟ ನಿಂತರೆ ಜಾತ್ರೆಯ ಮಂಡಕ್ಕಿ, ಕಬ್ಬಿನ ಹಾಲಿನ ಅಂಗಡಿಗಳ ವ್ಯಾಪಾರಕ್ಕೂ ಪೆಟ್ಟು.